ಉಲ್ಲೇಖದ ಲೆಕ್ಕ, ರೋಗಿಯ ಲೆಕ್ಕ

ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಆಲನ್ ಕಾರ್ಮಾಕ್ ಎಂಬ ಭೌತವಿಜ್ಞಾನಿ 1963 ಮತ್ತು 1964ರಲ್ಲಿ ಎರಡು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. ದೇಹದ ಸುತ್ತ ಬೇರೆ ಬೇರೆ ಕೋನಗಳಿಂದ ಎಕ್ಸ್‌ರೇ ಹಾಯಿಸಿ, ಹೊರಬಂದ ಕಿರಣವನ್ನು ಅಳೆದರೆ, ಒಳಗಿನ ಯಾವ ಜಾಗದಲ್ಲಿ ಎಷ್ಟು ಕಿರಣ ಹೀರಿಹೋಯಿತು ಎಂಬುದನ್ನು ಗಣಿತದಿಂದಲೇ ತಿಳಿಯಬಹುದು ಎಂಬುದು ಅವುಗಳ ತಿರುಳು. ಕೇಪ್‌ಟೌನಿನ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದಾಗ ಹೊಳೆದ ವಿಚಾರ ಅದು. ಅಲ್ಯೂಮಿನಿಯಂ ಮತ್ತು ಮರದ ಉರುಳೆಯ ಮೇಲೆ ಪ್ರಯೋಗ ಮಾಡಿ ಅವರು ಅದನ್ನು ಖಚಿತಪಡಿಸಿಕೊಂಡಿದ್ದರು. ಆದರೆ ಪ್ರಬಂಧಗಳನ್ನು ಕೇಳಿದವರೇ ಇಲ್ಲ ಎನ್ನುವಂತಾಯಿತು. ಪ್ರತಿ ಕಳಿಸಿ ಎಂದು ಬಂದ ಕೆಲವೇ ಕೋರಿಕೆಗಳಲ್ಲಿ ಅತ್ಯಂತ ಕುತೂಹಲದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು ಎಂದು ಕಾರ್ಮಾಕ್ ಮುಂದೆ ಹೇಳಿದರು. ಬೆಟ್ಟದ ಮೇಲೆ ಬಿದ್ದ ಹಿಮದ ಒಳಗನ್ನು ನೋಡಲು ಇದು ಬಂದೀತೇ ಎಂಬುದು ಆ ಕೇಂದ್ರದವರ ಆಸಕ್ತಿ. ಕಾರ್ಮಾಕ್ ಈ ಮಾತು ಹೇಳಿದ್ದು 1979ರಲ್ಲಿ, ಸಿಟಿ ಸ್ಕ್ಯಾನಿಗಾಗಿ ನೊಬೆಲ್ ಪ್ರಶಸ್ತಿ ಪಡೆದ ಭಾಷಣದಲ್ಲಿ.

ಕಾರ್ಮಾಕ್ ಬಿಡಿಸಿದ ಗಣಿತದ ಗಂಟನ್ನು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ಬಿಡಿಸಿಟ್ಟಿದ್ದರು. ಜರ್ಮನ್ ಭಾಷೆಯ ಆ ಪ್ರಬಂಧದಲ್ಲಿ ವೈದ್ಯಕೀಯದ ಸುಳಿವೇ ಇರಲಿಲ್ಲ. ಕಾರ್ಮಾಕ್ ಅವರಿಗೆ ಅದರ ಸಂಗತಿ ತಿಳಿದದ್ದು ತಮ್ಮ ಕೆಲಸವೆಲ್ಲ ಮುಗಿದು ವರ್ಷಗಳಾದ ಮೇಲೆ.

ಕೇಳುಗರೇ, ಈ ಎರಡು ಸಂಗತಿಗಳನ್ನು ಮೊದಲೇ ಹೇಳಲು ಕಾರಣವಿದೆ. ಸಂಶೋಧನೆಯ ಬೆಲೆಯನ್ನು ಇಂದು ಬಹುಮಟ್ಟಿಗೆ ಒಂದೇ ಅಳತೆಗೋಲಿನಿಂದ ಅಳೆಯಲಾಗುತ್ತಿದೆ. ಒಂದು ಪ್ರಬಂಧವನ್ನು ಬೇರೆ ಎಷ್ಟು ಪ್ರಬಂಧಗಳು ಉಲ್ಲೇಖಿಸಿವೆ ಎಂಬ ಎಣಿಕೆ ಅದು. ಅಧ್ಯಾಪಕರ ಬಡ್ತಿ, ಸಂಶೋಧನೆಗೆ ಹಣ, ವಿಶ್ವವಿದ್ಯಾಲಯಗಳ ಶ್ರೇಯಾಂಕ ಎಲ್ಲಕ್ಕೂ ಅದರ ನಂಟಿದೆ. ಆ ಗೋಲು ಹಿಡಿದು 1960ರ ದಶಕದ ಕೊನೆಗೆ ಕಾರ್ಮಾಕ್ ಅವರನ್ನು ಅಳೆದಿದ್ದರೆ ಸಿಗುತ್ತಿದ್ದದ್ದು ಸೊನ್ನೆಗೆ ಹತ್ತಿರದ ಅಂಕಿ. ವೈದ್ಯಕೀಯ ಚಿತ್ರಣದ ಕ್ಷೇತ್ರದಲ್ಲಿ, ಅಂದರೆ ಎಕ್ಸ್‌ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್‌ಗಳ ಲೋಕದಲ್ಲಿ, ಈ ಅಳತೆ ಎಲ್ಲಿ ಸರಿಹೋಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಸಂಶೋಧಕರಿಗೆ ಮಾತ್ರ ಸೇರಿದ ವಿಷಯವಲ್ಲ. ಸ್ಕ್ಯಾನ್ ಮಂಚದ ಮೇಲೆ ಮಲಗುವ ಪ್ರತಿಯೊಬ್ಬರಿಗೂ ಅದು ತಟ್ಟುತ್ತದೆ.

ಎಣಿಕೆಯ ಕಥೆ ಶುರುವಾಗುವುದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರಿಂದ. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಉಲ್ಲೇಖಗಳ ಸೂಚಿಯೊಂದು ಬೇಕೆಂದು ವಾದಿಸಿದರು. ಯಾವ ಪ್ರಬಂಧದ ಮೇಲೆ ಯಾವುದು ನಿಂತಿದೆ ಎಂದು ಹುಡುಕಿ ತೆಗೆಯಲು ಸಂಶೋಧಕರಿಗೆ ಅನುಕೂಲವಾಗಲಿ ಎಂಬುದು ಅವರ ಉದ್ದೇಶ. 1960ರ ದಶಕದಲ್ಲಿ ಸೂಚಿ ಹೊರಬಂತು. ಅದರ ಬೆನ್ನಿಗೇ ಪತ್ರಿಕೆಗಳನ್ನು ತೂಗುವ 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಅಂಕಿಯೂ ಬಂತು. ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಎಂಬುದಷ್ಟೇ ಅದರ ಅರ್ಥ. ಕೇವಲ ಎರಡು ವರ್ಷ! ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಬೆಂಗಳೂರಿಗೆ ಬರೋಣ. ಸಿ. ವಿ. ರಾಮನ್ ಅವರ ಶಿಷ್ಯರಾದ ಜಿ. ಎನ್. ರಾಮಚಂದ್ರನ್ ಅವರ ಹೆಸರನ್ನು ಜೀವವಿಜ್ಞಾನ ಓದಿದವರೆಲ್ಲ ಕೇಳಿರುತ್ತಾರೆ. ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್ ಮೂರು ಎಳೆಗಳ ಹುರಿ ಎಂದು ತೋರಿಸಿದವರು ಅವರು. ಪ್ರೋಟೀನುಗಳ ಮಡಿಕೆಯನ್ನು ಪರಿಶೀಲಿಸಲು ಇಂದಿಗೂ ಬಳಸುವ 'ರಾಮಚಂದ್ರನ್ ನಕ್ಷೆ' ಕೊಟ್ಟವರೂ ಅವರೇ. ಮದ್ರಾಸಿನಿಂದ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟುತ್ತಿದ್ದ ಕಾಲದಲ್ಲಿ, ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಸೇರಿ ಅವರು ಇನ್ನೊಂದು ಕೆಲಸ ಮಾಡಿದರು. ಅದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1971ರ ಸೆಪ್ಟೆಂಬರಿನಲ್ಲಿ ಅಚ್ಚಾಯಿತು. ಅದರ ಪುಟಗಳು ಐದು.

ಆ ಐದು ಪುಟಗಳಲ್ಲಿ ಇದ್ದದ್ದೇನು? ಎಕ್ಸ್‌ರೇ ಚಿತ್ರವೆಂದರೆ ನೆರಳು. ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ರೂಪವನ್ನು ಹೇಳುವುದು, ಹಲಸಿನ ಹಣ್ಣನ್ನು ಕೊಯ್ಯದೆ ತೊಳೆ ಎಲ್ಲಿದೆ, ದಿಂಡು ಎಲ್ಲಿದೆ ಎಂದು ಗುರುತು ಹಾಕಿಕೊಟ್ಟಂತೆ. ನೆರಳುಗಳನ್ನು ಬಂದ ದಿಕ್ಕಿಗೇ ತಿರುಗಿಸಿ ಒಂದರ ಮೇಲೊಂದು ಹರವಿದರೆ ರೂಪವೇನೋ ಮೂಡುತ್ತದೆ, ಆದರೆ ಅಂಚುಗಳೆಲ್ಲ ಹರಡಿ ಮಸುಕಾಗುತ್ತವೆ. ಫೂರಿಯೇ ಪರಿವರ್ತನೆ ಎಂಬ ಗಣಿತದಿಂದ ಮಸುಕು ತೆಗೆಯಬಹುದಿತ್ತು. ಅಂದಿನ ಕಂಪ್ಯೂಟರುಗಳಿಗೆ ಅದು ಬಹಳ ಭಾರದ ಲೆಕ್ಕ. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಆ ಸುತ್ತುದಾರಿ ಬೇಡವೆಂದರು. ನೆರಳಿನ ಅಂಕಿಗಳನ್ನೇ ಒಂದು ನಿಗದಿತ ಅಂಕಿಸಾಲಿನೊಡನೆ ಗುಣಿಸಿ ಕೂಡುತ್ತ ಹೋದರೆ ಸಾಕು, ಮಸುಕು ಮೊದಲೇ ಕಳೆಯುತ್ತದೆ, ಹರವಿದಾಗ ಚಿತ್ರ ಸ್ಪಷ್ಟವಾಗಿ ಬರುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದರು. ರೇಡಿಯೊ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು 1967ರಲ್ಲಿ ಇದೇ ಬಗೆಯ ಉಪಾಯ ಹೇಳಿದ್ದರು. ಎಕ್ಸ್‌ರೇ ಚಿತ್ರಗಳಿಗೆ ಅದರ ದಾರಿ ತೆರೆದದ್ದು ಬೆಂಗಳೂರಿನ ಪ್ರಬಂಧ.

ಅದು ಅಚ್ಚಾದ ಮರುತಿಂಗಳು, 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮಿದುಳುಗೆಡ್ಡೆಯ ಅನುಮಾನವಿದ್ದ ಮಹಿಳೆಯೊಬ್ಬರಿಗೆ ಜಗತ್ತಿನ ಮೊದಲ ಸಿಟಿ ಸ್ಕ್ಯಾನ್ ಆಯಿತು. ಯಂತ್ರ ಕಟ್ಟಿದವರು ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಪ್ರಯೋಗಶಾಲೆಯ ಅವರ ಮೊದಲ ಮಾದರಿಯಲ್ಲಿ ಒಂದು ಚಿತ್ರಕ್ಕೆ ಅಳತೆ ಮಾಡಿ ಮುಗಿಸಲು ಒಂಬತ್ತು ದಿನ ಹಿಡಿಯುತ್ತಿತ್ತು. ಅವರ ಪ್ರಬಂಧ 1973ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿ'ಯಲ್ಲಿ ಬಂತು. ಕಾರ್ಮಾಕ್ ಜೊತೆ ನೊಬೆಲ್ ಹಂಚಿಕೊಂಡವರು ಇವರೇ.

ಮುಂದೆ ಸುಮಾರು ಮೂರು ದಶಕ ಜಗತ್ತಿನ ಸಿಟಿ ಯಂತ್ರಗಳಲ್ಲಿ ಚಿತ್ರ ಮೂಡಿದ್ದು ಬಹುಪಾಲು ಬೆಂಗಳೂರಿನಿಂದ ಹೊರಟ ಆ ದಾರಿಯಲ್ಲೇ. ಅದರ ಹೆಸರು 'ರ್ಯಾಮ್-ಲ್ಯಾಕ್ ಫಿಲ್ಟರ್'. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುವ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ನೆರಳುಗಳಿಂದ ಚಿತ್ರ ಕಟ್ಟುವ ಆದೇಶ ಕೊಟ್ಟು, ಬೇರೇನನ್ನೂ ಆರಿಸದೆ ಬಿಟ್ಟರೆ ತಾನಾಗಿ ಬರುವುದು ಅದೇ. ರ್ಯಾಮ್ ಎಂದರೆ ರಾಮಚಂದ್ರನ್, ಲ್ಯಾಕ್ ಎಂದರೆ ಲಕ್ಷ್ಮೀನಾರಾಯಣನ್ ಎಂದು ಅದನ್ನು ಬಳಸುವ ಎಷ್ಟು ಮಂದಿಗೆ ಗೊತ್ತು? ಕನ್ನಡ ನಾಡಿನ ಶಾಲೆಗಳಲ್ಲಿ ಈ ಕಥೆ ಹೇಳಬೇಕು.

ಉಲ್ಲೇಖದ ಲೆಕ್ಕದಲ್ಲಿ ಇಲ್ಲೊಂದು ದೊಡ್ಡ ತೂತಿದೆ. ಒಂದು ವಿಚಾರ ಎಲ್ಲರ ನಿತ್ಯದ ಕೆಲಸದಲ್ಲಿ ಬೆರೆತುಹೋದ ಮೇಲೆ ಅದರ ಮೂಲವನ್ನು ಯಾರೂ ಹೆಸರಿಸುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಸಿಟಿ ವರದಿಗಳಲ್ಲಿ 'ಎಚ್‌ಯು' ಎಂಬ ಎರಡಕ್ಷರ ಕಾಣುತ್ತದೆ. ಅದು ಹೌನ್ಸ್‌ಫೀಲ್ಡ್ ಮಾನ. ನೀರಿಗೆ ಸೊನ್ನೆ, ಗಾಳಿಗೆ ಋಣ 1000. ವೈದ್ಯರು ಅದನ್ನು ಬರೆಯುವಾಗ 1973ರ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ, ಉಲ್ಲೇಖಿಸಬೇಕಾಗಿಯೂ ಇಲ್ಲ. ಅತ್ಯಂತ ಆಳಕ್ಕೆ ಇಳಿದ ಪ್ರಭಾವವೇ ಎಣಿಕೆಯ ಕಣ್ಣು ತಪ್ಪಿಸುತ್ತದೆ.

ಹೊಸ ವಿಚಾರದ ಬೆಲೆ ಮೊದಲಿಗೆ ಕಾಣದೆ ಹೋಗುವುದಕ್ಕೆ ಎಂಆರ್‌ಐ ಕಥೆಯೂ ಒಂದು ಉದಾಹರಣೆ. ಪಾಲ್ ಲಾಟರ್‌ಬರ್ ಕಾಂತಕ್ಷೇತ್ರ ಬಳಸಿ ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರ ತೆಗೆದು 'ನೇಚರ್' ಪತ್ರಿಕೆಗೆ ಕಳಿಸಿದಾಗ ಅದು ಮೊದಲು ಹಿಂದಿರುಗಿತು. ಅವರು ಹಟ ಬಿಡಲಿಲ್ಲ, 1973ರಲ್ಲಿ ಅದು ಪ್ರಕಟವಾಯಿತು. ನೊಬೆಲ್ ಬಂದದ್ದು 2003ರಲ್ಲಿ, ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆಗೆ.

ಇನ್ನು ಇಂದಿನ ಪ್ರವಾಹದ ಮಾತು. 2012ರ ಸುಮಾರಿಗೆ ಕಂಪ್ಯೂಟರುಗಳು ಫೋಟೊಗಳಲ್ಲಿ ಬೆಕ್ಕು, ಕಾರುಗಳನ್ನು ಗುರುತಿಸುವುದರಲ್ಲಿ ಒಮ್ಮೆಲೇ ಚುರುಕಾದವು. ಆ ವಿದ್ಯೆ ಬೇಗನೆ ಸ್ಕ್ಯಾನುಗಳಿಗೂ ಬಂತು. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಓಲಾಫ್ ರೊನ್ನೆಬರ್ಗರ್ ಮತ್ತು ಇಬ್ಬರು ಸಹೋದ್ಯೋಗಿಗಳು 2015ರಲ್ಲಿ 'ಯು-ನೆಟ್' ಎಂಬ ವಿಧಾನವನ್ನು ಮಂಡಿಸಿದರು. ಚಿತ್ರದಲ್ಲಿ ಜೀವಕೋಶ ಎಲ್ಲಿ ಮುಗಿಯುತ್ತದೆ, ಗೆಡ್ಡೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಹಾಕುವ ವಿಧಾನ ಅದು. ಮೊದಲು ಅದನ್ನು ಪಳಗಿಸಿದ ಒಂದು ಕೆಲಸಕ್ಕೆ ಇದ್ದದ್ದು ಹಣ್ಣುನೊಣದ ಮರಿಹುಳುವಿನ ನರಮಂಡಲದ 30 ಚಿತ್ರಗಳು ಮಾತ್ರ. ಇಂದು ಅದಕ್ಕೆ ಹತ್ತಾರು ಸಾವಿರ ಉಲ್ಲೇಖಗಳಿವೆ. ಈ ಶತಮಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಅದೂ ಒಂದು. ಇಲ್ಲಿ ಎಣಿಕೆ ಸುಳ್ಳು ಹೇಳುತ್ತಿಲ್ಲ. ಉಪಕರಣ ಒಳ್ಳೆಯದು, ಜನ ಬಳಸಿದರು, ಬಳಸಿದವರು ಹೆಸರಿಸಿದರು. ನೆದರ್ಲೆಂಡ್ಸಿನ ಗುಂಪೊಂದು 2017ರಲ್ಲಿ ಈ ಕ್ಷೇತ್ರದ 300ಕ್ಕೂ ಹೆಚ್ಚು ಪ್ರಬಂಧಗಳನ್ನು ಸಮೀಕ್ಷೆ ಮಾಡಿತು. ಅವುಗಳಲ್ಲಿ ಹೆಚ್ಚಿನವು ಹಿಂದಿನ ಒಂದೇ ವರ್ಷದಲ್ಲಿ ಬಂದಂಥವು.

ಆಗಲೇ, 2016ರಲ್ಲಿ, ಕೃತಕ ಬುದ್ಧಿಮತ್ತೆಯ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ ಅವರು ಇನ್ನು ರೇಡಿಯಾಲಜಿಸ್ಟರನ್ನು ತರಬೇತು ಮಾಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ, ಹೆಚ್ಚೆಂದರೆ ಹತ್ತು ವರ್ಷ ಎಂದರು. ಐದು ವರ್ಷದ ಗಡುವು ಮುಗಿದಾಗ ಎಷ್ಟೋ ದೇಶಗಳ ಆಸ್ಪತ್ರೆಗಳು ರೇಡಿಯಾಲಜಿಸ್ಟರು ಸಾಲದೆ ಒದ್ದಾಡುತ್ತಿದ್ದವು.

ಎಣಿಕೆಯ ದಾರಿ ಎಷ್ಟು ತಪ್ಪಬಹುದು ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರ ಫೆಬ್ರವರಿ ಕೊನೆಯಲ್ಲಿ, ಅಮೆರಿಕದಿಂದ ಹೊರಡುವ ಹೆಸರಾಂತ 'ರೇಡಿಯಾಲಜಿ' ಪತ್ರಿಕೆಯಲ್ಲಿ ವುಹಾನ್ ನಗರದ 1014 ರೋಗಿಗಳ ಅಧ್ಯಯನ ಬಂತು. ಆರ್‌ಟಿ-ಪಿಸಿಆರ್‌ನಲ್ಲಿ ಸೋಂಕು ಖಚಿತವಾದ ನೂರು ಮಂದಿಯಲ್ಲಿ 97 ಮಂದಿಯ ಎದೆಯ ಸಿಟಿಯಲ್ಲಿ ಲಕ್ಷಣ ಕಂಡಿತು ಎಂಬುದು ಅದರ ಮುಖ್ಯ ಮಾತು. ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇತ್ತು. ಪಿಸಿಆರ್‌ನಲ್ಲಿ ಸೋಂಕಿಲ್ಲ ಎಂದು ಬಂದ ನೂರರಲ್ಲಿ ಸಿಟಿಯೂ ಇಲ್ಲವೆಂದದ್ದು 25 ಮಂದಿಗೆ ಮಾತ್ರ, ಉಳಿದ 75 ಮಂದಿಯ ಸ್ಕ್ಯಾನಿನಲ್ಲೂ ಲಕ್ಷಣ ಕಂಡಿತ್ತು. ಜನರ ನಾಲಗೆ ಏರಿದ್ದು 97. ಪ್ರಬಂಧಕ್ಕೆ ಉಲ್ಲೇಖಗಳ ಸುರಿಮಳೆಯಾಯಿತು. ಸೋಂಕು ಪತ್ತೆಗೆ ಸಿಟಿಯನ್ನು ಮೊದಲ ಪರೀಕ್ಷೆಯಾಗಿ ಬಳಸಬೇಡಿ ಎಂದು ಅಮೆರಿಕದ ರೇಡಿಯಾಲಜಿ ಕಾಲೇಜು ಮರು ತಿಂಗಳೇ ಹೇಳಿತು. ಆ ಎಚ್ಚರಿಕೆಗೆ ಅಷ್ಟು ಕಾಲುಗಳಿರಲಿಲ್ಲ.

2021ರ ಎರಡನೆಯ ಅಲೆಯಲ್ಲಿ ಕರ್ನಾಟಕದ ಮನೆಮನೆಗಳಲ್ಲೂ 'ಸಿಟಿ ಸ್ಕೋರ್ ಎಷ್ಟು, 25ಕ್ಕೆ ಎಷ್ಟು ಬಂತು' ಎಂಬ ಮಾತು ಕೇಳಿದ್ದು ಎಲ್ಲರಿಗೂ ನೆನಪಿದೆ. ಸಣ್ಣ ಜ್ವರ ಬಂದವರೂ ಸ್ಕ್ಯಾನ್ ಕೇಂದ್ರಗಳ ಮುಂದೆ ಸಾಲು ನಿಂತರು. ಸೌಮ್ಯ ಲಕ್ಷಣ ಇರುವವರಿಗೆ ಸಿಟಿ ಬೇಡ ಎಂದು ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಅವರು ಆ ಮೇ ತಿಂಗಳಲ್ಲಿ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಈ ಧಾವಂತಕ್ಕೆ ಒಂದೇ ಪ್ರಬಂಧ ಕಾರಣವಲ್ಲ. ಪರೀಕ್ಷಾ ವರದಿ ತಡವಾಗುತ್ತಿತ್ತು, ಭಯವಿತ್ತು. ಆದರೂ ಅರ್ಧ ಅಂಕಿ ಮಾತ್ರ ಊರು ಸುತ್ತಿದರೆ ಏನಾಗುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಅತ್ತ 'ರೇಡಿಯಾಲಜಿ' ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2020ರಲ್ಲಿ ಸುಮಾರು 11 ಇದ್ದದ್ದು 2021ಕ್ಕೆ 29 ದಾಟಿತು. 2022ಕ್ಕೆ 19.7ಕ್ಕೆ ಇಳಿಯಿತು, 2023ಕ್ಕೆ 12.1. ಪತ್ರಿಕೆಯ ಗುಣ ಒಂದೇ ವರ್ಷದಲ್ಲಿ ಎರಡೂವರೆ ಪಟ್ಟು ಏರಲಿಲ್ಲ, ಎರಡು ವರ್ಷದಲ್ಲಿ ಕುಸಿದೂ ಇಲ್ಲ. ಗಾರ್ಫೀಲ್ಡ್ ಅವರ ಎರಡು ವರ್ಷದ ಕಿಟಕಿಯೊಳಗೆ 2020ರ ಕೋವಿಡ್ ಪ್ರಬಂಧಗಳು ಬಂದವು, ಕಿಟಕಿ ಮುಂದೆ ಸರಿದಾಗ ಹೊರಬಿದ್ದವು, ಅಷ್ಟೇ.

ಇದಕ್ಕಿಂತ ನೋವಿನ ಸಂಗತಿ ಕೃತಕ ಬುದ್ಧಿಮತ್ತೆಯ ಪ್ರಬಂಧಗಳದ್ದು. ಎದೆಯ ಎಕ್ಸ್‌ರೇ, ಸಿಟಿಗಳಿಂದ ಕೋವಿಡ್ ಹಿಡಿಯುತ್ತೇವೆ ಎಂದ ಅಧ್ಯಯನಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು ಶೋಧಿಸಿತು. 2020ರ ಜನವರಿಯಿಂದ ಅಕ್ಟೋಬರ್ ಆರಂಭದವರೆಗೆ ಬಂದವು 2212. ಮೊದಲ ಜರಡಿಯಲ್ಲಿ ಉಳಿದದ್ದು 415, ಗುಣಮಟ್ಟದ ಜರಡಿಯಲ್ಲಿ 62. ಆ 62ರಲ್ಲಿ ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾದದ್ದು ಒಂದೂ ಇಲ್ಲ ಎಂದು ತಂಡ 2021ರಲ್ಲಿ ವರದಿ ಮಾಡಿತು.

ಕಾರಣಗಳಲ್ಲಿ ಒಂದನ್ನು ಹೇಳಲೇಬೇಕು. ಕೋವಿಡ್ ಇರುವವರ ಎಕ್ಸ್‌ರೇಗಳು ದೊಡ್ಡವರವು. ಕೋವಿಡ್ ಅಲ್ಲದ ನ್ಯುಮೋನಿಯಾಕ್ಕೆ ಹಲವರು ಬಳಸಿದ್ದು ಚೀನಾದ ಗುವಾಂಗ್‌ಝೌ ಆಸ್ಪತ್ರೆಯ ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌ರೇಗಳ ಸಂಗ್ರಹವನ್ನು, ಯಾಕೆಂದರೆ ಅದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತಿತ್ತು. ಯಂತ್ರ ಕಲಿಯಬಹುದಾಗಿದ್ದದ್ದು ರೋಗವನ್ನಲ್ಲ, ದೊಡ್ಡವರ ಎದೆಗೂಡಿಗೂ ಮಕ್ಕಳ ಎದೆಗೂಡಿಗೂ ಇರುವ ವ್ಯತ್ಯಾಸವನ್ನು. ನೂರಕ್ಕೆ 98, 99 ಎಂದು ಬೀಗಿದ ಅಂಕಗಳನ್ನು ಹೀಗಿರುವಾಗ ನಂಬುವುದು ಹೇಗೆ?

ಈ ಅಪಾಯ ಮೊದಲೇ ಗೊತ್ತಿತ್ತು. ಅಮೆರಿಕದ ಮೂರು ಕಡೆಯ ಎಕ್ಸ್‌ರೇಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನ್ಯುಮೋನಿಯಾ ಹುಡುಕಲು ಕಲಿಸಿದ ಯಂತ್ರವಿದ್ಯೆ ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂಬುದನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಬಲ್ಲದು ಎಂದು ಕಂಡುಬಂತು. ಎಡಬಲ ಗುರುತಿಗೆ ತಂತ್ರಜ್ಞರು ಮೂಲೆಯಲ್ಲಿ ಇಡುವ ಲೋಹದ ಬಿಲ್ಲೆಯಂಥ ಸಣ್ಣ ಚಿಹ್ನೆಯೂ ಅದಕ್ಕೆ ಸುಳಿವಾಗುತ್ತಿತ್ತು. ಒಂದು ಆಸ್ಪತ್ರೆಯ ಸಂಗ್ರಹದಲ್ಲಿ ನೂರಕ್ಕೆ 34 ಚಿತ್ರ ನ್ಯುಮೋನಿಯಾದವು, ಇನ್ನೊಂದರಲ್ಲಿ ಒಂದರ ಆಸುಪಾಸು. ಆಸ್ಪತ್ರೆ ಯಾವುದೆಂದು ತಿಳಿದರೆ ರೋಗವನ್ನು ಊಹಿಸುವ ಕೆಲಸ ಅರ್ಧ ಮುಗಿಯಿತು! ಬೇರೆ ಊರಿನ ಆಸ್ಪತ್ರೆಗೆ ಒಯ್ದಾಗ ಆ ಜಾಣತನ ಕೈಕೊಡುತ್ತಿತ್ತು.

ಗೆಡ್ಡೆಗಳ ಸ್ಕ್ಯಾನಿನಿಂದ ನೂರಾರು ಅಂಕಿ ಹೊರತೆಗೆದು ರೋಗಿಯ ಆಯಸ್ಸನ್ನು ಅಂದಾಜಿಸುವ 'ರೇಡಿಯಾಮಿಕ್ಸ್' ಎಂಬ ಕವಲೂ ಇದೇ ಪಾಠ ಕಲಿತಿದೆ. 2014ರ ಒಂದು ಪ್ರಬಂಧ 1019 ರೋಗಿಗಳ ಸ್ಕ್ಯಾನುಗಳಿಂದ 440 ಲಕ್ಷಣ ಅಳೆದು ನಾಲ್ಕನ್ನು ಆರಿಸಿತು. ಅದಕ್ಕೆ ಸಾವಿರಾರು ಉಲ್ಲೇಖಗಳು ಬಂದವು. ಅದನ್ನೇ ಮರುಪರೀಕ್ಷೆ ಮಾಡಿದ 2019ರ ಪ್ರಬಂಧ, ಗೆಡ್ಡೆಯ ಗಾತ್ರವೊಂದನ್ನೇ ಅಳೆದರೂ ಬಹುಮಟ್ಟಿಗೆ ಅದೇ ಫಲ ಸಿಗುತ್ತದೆ ಎಂದು ತೋರಿಸಿತು. ತಿದ್ದುಪಡಿಗೆ ಸಿಕ್ಕ ಉಲ್ಲೇಖಗಳು ಮೂಲಕ್ಕೆ ಸಿಕ್ಕವುಗಳ ಸಣ್ಣ ಪಾಲು. ಹೊಸದಕ್ಕೆ ಇರುವ ಗಿರಾಕಿ ಪರಿಶೀಲನೆಗೆ ಇಲ್ಲ. ಈ ಕ್ಷೇತ್ರದ ದೊಡ್ಡ ಕೊರತೆ ಇದೇ.

ಹಾಗೆಂದು ಯಂತ್ರವಿದ್ಯೆಯನ್ನೇ ಅಲ್ಲಗಳೆಯುವುದು ಅನ್ಯಾಯ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪಾಗಿ ಚೀಟಿ ಎತ್ತಿದಂತೆ ವಿಂಗಡಿಸಿ ಸ್ತನ ಕ್ಯಾನ್ಸರ್ ತಪಾಸಣೆ ನಡೆಸಿದರು. ಒಂದು ಗುಂಪಿನ ಮ್ಯಾಮೊಗ್ರಾಂಗಳನ್ನು ಅಲ್ಲಿನ ವಾಡಿಕೆಯಂತೆ ಇಬ್ಬರು ವೈದ್ಯರು ಓದಿದರು. ಇನ್ನೊಂದರಲ್ಲಿ ಕೃತಕ ಬುದ್ಧಿಮತ್ತೆ ಮೊದಲು ಅಪಾಯವನ್ನು ವಿಂಗಡಿಸಿತು, ಹೆಚ್ಚಿನ ಅಪಾಯದವನ್ನಷ್ಟೇ ಇಬ್ಬರು ಓದಿದರು. 2023ರಲ್ಲಿ ಬಂದ ಮೊದಲ ಫಲಿತಾಂಶದಂತೆ ಸಾವಿರಕ್ಕೆ 5 ಕ್ಯಾನ್ಸರ್ ಸಿಗುತ್ತಿದ್ದಲ್ಲಿ 6 ಸಿಕ್ಕವು, ವೈದ್ಯರ ಓದುವ ಕೆಲಸ ನೂರಕ್ಕೆ 44ರಷ್ಟು ಇಳಿಯಿತು. ಕ್ಷಯ ರೋಗದ ತಪಾಸಣೆಯಲ್ಲಿ 15 ವರ್ಷ ದಾಟಿದವರ ಎದೆ ಎಕ್ಸ್‌ರೇಯನ್ನು ತಂತ್ರಾಂಶ ಓದಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ಭಾರತದ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಹೋಗುತ್ತಿವೆ. ಇಂಥ ಕೆಲಸಕ್ಕೆ ವರ್ಷಗಳು ಬೇಕು, ಹಣ ಬೇಕು. ಪ್ರಬಂಧಗಳ ಸಂಖ್ಯೆ ಮಾತ್ರ ಕಡಿಮೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಹಿಡಿದು ವ್ಯಕ್ತಿಗಳನ್ನು ತೂಗಬೇಡಿ ಎಂಬ ಘೋಷಣೆ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ಸಹಿಯಷ್ಟು ಸುಲಭವಾಗಿ ರೂಢಿ ಬದಲಾಗಿಲ್ಲ.

ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ರೇಡಿಯಾಲಜಿ ಎಂಡಿ ಓದುವ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಲೇಬೇಕು. ಅವುಗಳಲ್ಲಿ ಎಷ್ಟೋ ಗ್ರಂಥಾಲಯದ ಕಪಾಟಿನಲ್ಲೇ ಉಳಿಯುತ್ತವೆ. ಮಾರ್ಗದರ್ಶಕರಲ್ಲಿ ಒಂದು ಕೋರಿಕೆ: ಹೊಸ ವಿಧಾನ ಹುಡುಕುವ ಆತುರವನ್ನು ಸ್ವಲ್ಪ ಬದಿಗಿಟ್ಟು, ಬೇರೆಡೆ ಹೆಸರಾದ ವಿಧಾನ ಇಲ್ಲಿನ ರೋಗಿಗಳಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಡಿ. ಬೀದರಿನ ಎಕ್ಸ್‌ರೇಗಳಲ್ಲಿ ಸರಿಬಂದದ್ದು ಮಂಗಳೂರಿನಲ್ಲಿ ಸರಿಬರುತ್ತದೆಯೇ ನೋಡಿ. ಸರಿಬರದಿದ್ದರೆ ಅದನ್ನೂ ಪ್ರಕಟಿಸಿ.

ಕೇಳುಗರಲ್ಲೂ ಒಂದು ಮಾತು. ನಿಮ್ಮ ಸ್ಕ್ಯಾನನ್ನು ಹೆಸರು ತೆಗೆದು ಸಂಶೋಧನೆಗೆ ಬಳಸಬಹುದೇ ಎಂದು ಆಸ್ಪತ್ರೆಯಲ್ಲಿ ಕೇಳಿದರೆ, ಯಾವ ಕೆಲಸಕ್ಕೆ, ಯಾರ ವಶದಲ್ಲಿ ಇರುತ್ತದೆ ಎಂದು ವಿಚಾರಿಸಿ. ಉತ್ತರ ಸಮಾಧಾನ ತಂದರೆ ಒಪ್ಪಿಗೆ ಕೊಡಿ. ಇಲ್ಲಿನ ಜನರ ಚಿತ್ರಗಳಿಲ್ಲದೆ, ಎಲ್ಲೋ ತಯಾರಾದ ಯಂತ್ರವಿದ್ಯೆ ಇಲ್ಲಿನ ದೇಹಗಳನ್ನು ಸರಿಯಾಗಿ ಓದುತ್ತದೆಯೇ ಎಂದು ಪರೀಕ್ಷಿಸಲು ಬೇರೆ ದಾರಿಯಿಲ್ಲ.